ಒಳ್ಳೆ ಹಾಡನ್ನೇ ಆಲ್ಬಮ್ಮಿನಿಂದ ಬಿಡೋದು ಯಾಕೆ?

ಹಾಡಿನಲ್ಲಿ ದೋಷ ಇರಲಿಕ್ಕಿಲ್ಲ, ಅಕ್ಕಪಕ್ಕದ ಹಾಡುಗಳ ಜೊತೆ ಅದು ಹೊಂದುತ್ತಿಲ್ಲ. ಶಿರಸಿಯ ನಿಮ್ಮ ತಂಡದ ಹತ್ತು ಭಾವಗೀತೆಗಳಲ್ಲಿ ಎಲ್ಲರೂ ಮೆಚ್ಚಿದ ಮಳೆಹಾಡೇ ಎಲ್ಲೂ ಕೂರುತ್ತಿಲ್ಲ ಅಂದಿರಲ್ಲ, ದೊಡ್ಡವರೂ ಇಂಥ ಹಾಡು ಬಿಟ್ಟಿದ್ದಾರೆ. ಅಮೆರಿಕದ ಹಾಡುಗಾರ ಬಾಬ್ ಡಿಲನ್ 1983ರಲ್ಲಿ ಹಾಡಿದ ‘ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್’ ಆಗಿನ ಆಲ್ಬಮ್ಮಿಗೆ ಸೇರಲಿಲ್ಲ, ಹೊರಬಂದದ್ದು 1991ರಲ್ಲಿ. ಎಲ್‌ಪಿ, ಅಂದರೆ ಎರಡು ಬದಿಯ ದೊಡ್ಡ ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಜಾಗದ ಕಟ್ಟೂ ಇತ್ತು: ಒಂದು ಬದಿಗೆ ಸುಮಾರು 22 ನಿಮಿಷ ದಾಟಿದರೆ ಗೆರೆಗಳು ಒತ್ತೊತ್ತಾಗಿ ದನಿ ಕುಗ್ಗುತ್ತಿತ್ತು. ನಿಮಗೆ ಆ ತೊಂದರೆ ಇಲ್ಲ.

ಮೊದಲು ಪ್ರತಿ ಹಾಡಿನ ಶ್ರುತಿ, ತಾಳ, ಲಯ, ಅವಧಿ ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಒಂದು ಹಾಡಿನ ಕೊನೆಯ 30 ಸೆಕೆಂಡು, ಮುಂದಿನದರ ಮೊದಲ 30 ಸೆಕೆಂಡು ಮಾತ್ರ ಸಾಲಾಗಿ ಕೇಳಿ. ಒಂದೇ ಶ್ರುತಿಯ ಎರಡು ವಿಲಂಬ (ನಿಧಾನ ಲಯದ) ಹಾಡು ಬೆನ್ನಿಗೆ ಬೆನ್ನು ಬಂದರೆ ಎರಡನೆಯದು ಎಷ್ಟೇ ಚೆನ್ನಾಗಿದ್ದರೂ ಸಪ್ಪೆಯಾಗುತ್ತದೆ. ಹೆಚ್ಚಿನ ಕಡೆ ತಪ್ಪುವುದು ಇಲ್ಲೇ. ಮಳೆಹಾಡನ್ನು ಕೊನೆಗೆ ಹಾಕಿ ನೋಡಿ, ಆಗದಿದ್ದರೆ ಮೊದಲಿಗೆ. ಎರಡೂ ಕಡೆ ಕೂರದಿದ್ದರೆ ತೆಗೆದುಬಿಡಿ. ಹೊಂದಿಸಲಿಕ್ಕೆಂದು ಲಯ ಏರಿಸಬೇಡಿ, ತಬಲಾ ತುಂಬಬೇಡಿ. ಇದ್ದ ಜೀವವೂ ಹೋಗುತ್ತದೆ.

ಕವಿಯ ಅನುಮತಿ ಕಾಗದದಲ್ಲಿದೆಯಾ ನೋಡಿ. ಕವಿ ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ವಾರಸುದಾರರದು, ಬಾಯಿಮಾತು ಸಾಲದು. ಅದು ಇನ್ನೂ ಬರದಿದ್ದರೆ ಈ ಸಲ ಬಿಡಲಿಕ್ಕೆ ಅದೊಂದೇ ಕಾರಣ ಸಾಕು.

ಬಿಟ್ಟ ಹಾಡಿನ 24 ಬಿಟ್ ವೇವ್ ಫೈಲು (ಗುಣಮಟ್ಟ ಕುಗ್ಗಿಸದ ಧ್ವನಿ ಫೈಲು), ಕಂಠ ಮತ್ತು ವಾದ್ಯಗಳ ಬೇರೆ ಬೇರೆ ಟ್ರ್ಯಾಕ್ ಎರಡು ಡಿಸ್ಕಿನಲ್ಲಿ ಇಡಿ. ಮುಂದಿನ ಜೂನ್‌ನಲ್ಲಿ ಅದನ್ನೊಂದೇ ಬಿಡುಗಡೆ ಮಾಡಬಹುದು.