ಓದುಗರ ಪ್ರಶ್ನೆ: ಮನೇಲೇ ಮಾಡಿದ ಕ್ಯಾನಿಸ್ಟರ್ ಫಿಲ್ಟರ್ ಯಾಕೆ ಸೋರುತ್ತೆ?

ಪ್ರಶ್ನೆ (ಡೊಂಬಿವಲಿಯಿಂದ): ಸರ್, ಒಂದೂವರೆ ಅಡಿ ಮೀನಿನ ಟ್ಯಾಂಕು, ಒಂದಷ್ಟು ಗಪ್ಪಿ ಮೀನು ಇದಾವೆ. 5 ಲೀಟರಿನ ಅಡುಗೆಮನೆ ಡಬ್ಬೀಲಿ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿದ್ದು ನೀರು ಸೋಸೋ ಮುಚ್ಚಿದ ಡಬ್ಬಿ) ಮಾಡಿ ಸ್ಟ್ಯಾಂಡ್ ಕೆಳಗೆ ಇಟ್ಟಿದೀನಿ, ಪಂಪ್ ಟ್ಯಾಂಕೊಳಗೆ ಕೂತು ನೀರನ್ನ ಡಬ್ಬಿಗೆ ತಳ್ಳುತ್ತೆ. ಅಷ್ಟು ಕೆಳಗಿಂದ ನೀರು ಮೇಲೆ ಬರೋಕೆ ಪವರ್ ಸಾಲಲ್ಲ ಅಂತ ಅಂಗಡಿಯವ್ರು ದೊಡ್ಡ ಕೂಲರ್ ಪಂಪ್ ಕೊಟ್ರು. ಈಗ ಮುಚ್ಚಳದಲ್ಲಿ ಸೋರ್ತಿದೆ. ಎಂ-ಸೀಲ್ ಹಾಕಿದ್ರೂ ನಿಲ್ತಿಲ್ಲ. ಇನ್ನೇನು ಹಚ್ಚಲಿ?

ಉತ್ತರ: ಏನೂ ಹಚ್ಚಬೇಡಿ. ಇದೇ ಪ್ರಶ್ನೆ ಥಾಣೆಯಿಂದ, ಮೀರಾ ರೋಡಿಂದ, ವಾಶಿಯಿಂದ ಬರ್ತಾನೇ ಇದೆ, ಎಲ್ಲರಿಗೂ ಪಂಪಿಂದೇ ಚಿಂತೆ, ಮುಚ್ಚಳದ ಬಗ್ಗೆ ಸೋರೋಕೆ ಶುರುವಾದ್ಮೇಲೇ ನೆನಪಾಗೋದು.

ಮೊದಲು ಆ ಅಂಗಡಿಯವರ ಮಾತು ತಲೆಯಿಂದ ತೆಗೀರಿ ಮಾರಾಯ್ರೆ. ಫಿಲ್ಟರ್ ಮೂರಡಿ ಕೆಳಗಿದ್ರೆ ಪಂಪ್ ಮೂರಡಿ ನೀರೆತ್ತಬೇಕು ಅನ್ನೋದು ಶುದ್ಧ ಸುಳ್ಳು. ಡಬ್ಬಿ ಪೂರ್ತಿ ತುಂಬಿ ಗಾಳಿ ಇಲ್ದೆ ಮುಚ್ಚಿದ್ರೆ, ಟ್ಯಾಂಕಿಂದ ಇಳಿಯೋ ನೀರಿನ ಭಾರಾನೇ ಇನ್ನೊಂದು ಪೈಪಲ್ಲಿ ನೀರನ್ನ ಅದೇ ಮಟ್ಟಕ್ಕೆ ಎತ್ತಿ ನಿಲ್ಸಿರುತ್ತೆ, ಪಂಪ್ ಮಾಡ್ಬೇಕಾದ್ದು ಪೈಪು, ಸ್ಪಾಂಜು ಕೊಡೋ ತಡೆ ದಾಟ್ಸೋದು ಅಷ್ಟೇ. ನಿಮ್ಮ ಟ್ಯಾಂಕಲ್ಲಿ ಹೆಚ್ಚಂದ್ರೆ 40 ಲೀಟರ್ ನೀರು. ಗಂಟೆಗೆ 200 ಲೀಟರ್ ಓಡಿದ್ರೆ ಬೇಕಾದಷ್ಟಾಯ್ತು. ಕೂಲರ್ ಪಂಪ್ ಕೂಲರಿಗೇ ವಾಪಸ್ ಹಾಕಿ, ಗಪ್ಪಿಗಳು ಅದರ ರಭಸಕ್ಕೆ ಈಜೀ ಈಜೀ ಸಾಯ್ತಾವೆ.

ಆದ್ರೆ ಆ ಎತ್ತರ ಸುಮ್ನೆ ಬಿಡಲ್ಲ, ಮುಚ್ಚಳದ ಮೇಲೆ ತೀರಿಸ್ಕೊಳ್ಳುತ್ತೆ. ಟ್ಯಾಂಕಿನ ನೀರಿನ ಮಟ್ಟದಿಂದ ಮುಚ್ಚಳಕ್ಕೆ 60 ಸೆಂಟಿಮೀಟರ್ ಅಂದ್ರೆ ಪ್ರತಿ ಚದರ ಸೆಂಟಿಮೀಟರಿಗೆ 60 ಗ್ರಾಂ ಒತ್ತಡ. ಡಬ್ಬಿ ಬಾಯಿ 12 ಸೆಂಟಿಮೀಟರ್ ಅಗಲ ಇದ್ರೆ ಒಟ್ಟು 7 ಕೆಜಿ ಹತ್ತಿರ, ಒಳಗಿಂದ ಮೇಲಕ್ಕೆ, ಹಗಲೂ ರಾತ್ರಿ, ಪಂಪ್ ಆಫ್ ಇದ್ರೂ. ಚಕ್ಕುಲಿ ಮೆತ್ತಗಾಗದೇ ಇರ್ಲಿ ಅಂತ ಮಾಡಿರೋ ಮುಚ್ಚಳ ಅದು, ಎಷ್ಟು ಅಂತ ತಡೆಯುತ್ತೆ? ಸಾಲದ್ದಕ್ಕೆ ನಿಮ್ಮ ಪಂಪ್ ಡಬ್ಬಿ ಒಳಕ್ಕೆ ತಳ್ತಿದೆ, ಅದರ ಒತ್ತಡಾನೂ ಸೇರ್ತು. ಪಂಪ್ ದೊಡ್ಡದಾದಷ್ಟೂ ಸೋರೋದು ಜಾಸ್ತಿ ಆಗಿದ್ದು ಅದಕ್ಕೇ. ಇನ್ನು ಆ ಡಬ್ಬಿಗಳ ಪ್ಲಾಸ್ಟಿಕ್ಕಿಗೆ, ಅದು ಪಾಲಿಪ್ರೊಪಿಲೀನ್ ಆದ್ರೂ ಪಾಲಿಥೀನ್ ಆದ್ರೂ, ಎಂ-ಸೀಲೂ ಹಿಡಿಯಲ್ಲ ಸಿಲಿಕಾನೂ ಹಿಡಿಯಲ್ಲ, ಒಣಗಿದ್ಮೇಲೆ ಉಗುರಲ್ಲಿ ಎಬ್ಬಿಸಿದ್ರೆ ಹಪ್ಪಳದ ಹಾಗೆ ಎದ್ದು ಬರುತ್ತೆ.

ಮಾಡಲೇಬೇಕು ಅಂತಿದ್ರೆ 110 ಮಿಲಿಮೀಟರ್ ಪಿವಿಸಿ ಪೈಪ್ ತಗೊಳ್ಳಿ, 40 ಸೆಂಟಿಮೀಟರ್ ತುಂಡು ಸಾಕು, ಮೂರು ಲೀಟರಿಗಿಂತ ಜಾಸ್ತಿ ಹಿಡಿಯುತ್ತೆ. ಒಂದು ತುದಿಗೆ ಎಂಡ್ ಕ್ಯಾಪ್ ಸಾಲ್ವೆಂಟ್ ಹಾಕಿ ಅಂಟಿಸಿ, ಇನ್ನೊಂದಕ್ಕೆ ಥ್ರೆಡ್ ಇರೋ ಕ್ಯಾಪು, ಒಳಗೆ ರಬ್ಬರ್ ರಿಂಗು. ನೀರು ಒಳಗೆ ಬರೋ, ಹೊರಗೆ ಹೋಗೋ ಪೈಪು ಜೋಡಿಸೋಕೆ ತೂತು ಕೊರೆದು ನೀರಿನ ಟ್ಯಾಂಕಿಗೆ ಹಾಕೋ ಟ್ಯಾಂಕ್ ನಿಪ್ಪಲ್ಲೇ ಹಾಕಿ, ಎರಡೂ ಕಡೆ ವಾಷರ್. ಕ್ರಾಫರ್ಡ್ ಮಾರ್ಕೆಟ್ಟಿಗೆ ಮೀನು ತರೋಕೆ ಹೋದೋರು ಹಾಗೇ ನಾಗದೇವಿ ಸ್ಟ್ರೀಟಿಗೆ ನಡೀರಿ, ಅಲ್ಲಿ ಸಿಗದ ರಬ್ಬರ್ ರಿಂಗಿಲ್ಲ. ಪಂಪ್ ಯಾವಾಗ್ಲೂ ಫಿಲ್ಟರಿಂದ ನೀರು ಎಳೀಬೇಕು, ಫಿಲ್ಟರಿಗೆ ತಳ್ಳಬಾರ್ದು. ಪಂಪನ್ನ ಕ್ಯಾನಿಸ್ಟರ್ ಒಳಗಿಟ್ರೆ ವೈರ್ ಹೊರಗೆ ತರೋಕೆ ಕೇಬಲ್ ಗ್ಲ್ಯಾಂಡ್ (ವೈರ್ ಸುತ್ತ ಬಿಗಿಯಾಗಿ ಕೂತು ನೀರು ತಡೆಯೋ ಬಿರಡೆ) ಬೇಕು, ಸಿಲಿಕಾನ್ ಮೆತ್ತಿದ ತೂತು ಇವತ್ತಲ್ಲ ನಾಳೆ ಸೋರುತ್ತೆ. ಪ್ಲಗ್ ಕತ್ತರಿಸಿ ಹೊರಗಡೆ ಹೊಸದು ಹಾಕ್ಕೊಳ್ಳಿ, ವೈರನ್ನ ನೀರೊಳಗೆ ಜೋಡಿಸೋ ಹುಚ್ಚು ಬೇಡ. ಮನೇಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಇಲ್ದಿದ್ರೆ ಈ ಪ್ರಾಜೆಕ್ಟೇ ಬೇಡ, ಈ ವಿಷಯದಲ್ಲಿ ನನ್ನ ಹತ್ರ ವಾದ ಮಾಡ್ಬೇಡಿ.

ಮುಖ್ಯವಾದ್ದು, ಕೆಳಗಿಡೋ ಚಟ ಬಿಡಿ. ಇಷ್ಟು ಚಿಕ್ಕ ಟ್ಯಾಂಕಿಗೆ ಕ್ಯಾನಿಸ್ಟರನ್ನ ಪಕ್ಕದಲ್ಲೇ, ಟ್ಯಾಂಕಿನ ತಳಕ್ಕಿಂತ ಸ್ವಲ್ಪ ಮಾತ್ರ ಕೆಳಗೆ ನಿಲ್ಲಿಸಿ, ಮುಚ್ಚಳ ನೀರಿನ ಮಟ್ಟಕ್ಕಿಂತ 10 ಸೆಂಟಿಮೀಟರ್ ಅಷ್ಟೇ ಕೆಳಗಿದ್ರೆ ಅದರ ಮೇಲಿನ ಭಾರ ಒಂದು ಕೆಜಿ ಒಳಗೇ. ನೋಡೋಕೆ ಚೆಂದ ಇರಲ್ಲ, ಒಪ್ತೀನಿ. ಕೆಳಗಿನ ಫ್ಲ್ಯಾಟಿನೋರು ಸೀಲಿಂಗ್ ಫೋಟೋ ಹಿಡ್ಕೊಂಡು ಸೊಸೈಟಿ ಮೀಟಿಂಗಿಗೆ ಬರೋದು ಅದಕ್ಕಿಂತ ಚೆಂದವೇನಲ್ಲ. ನೀರು ಎಳೆಯೋ ಪೈಪಿಗೆ ನೀರಿನ ಮಟ್ಟದಿಂದ ಎರಡು ಬೆರಳು ಕೆಳಗೆ ಒಂದು ಸಣ್ಣ ತೂತು ಮಾಡಿ, ಎಲ್ಲಾದ್ರೂ ಸೋರಿದ್ರೆ ಅಷ್ಟು ಇಳಿದ ಮೇಲೆ ಗಾಳಿ ಹೊಕ್ಕು ನಿಲ್ಲುತ್ತೆ, ಪೂರ್ತಿ ಟ್ಯಾಂಕ್ ನೆಲಕ್ಕೆ ಬರಲ್ಲ. ವಾಪಸ್ ಬರೋ ಪೈಪಿನ ತುದೀನೂ ಮೇಲೇ ಇರ್ಲಿ. ಮೇ ತಿಂಗಳಲ್ಲಿ ಫ್ಯಾನ್ ಕೆಳಗೆ ನೀರು ಆರಿ ಮಟ್ಟ ಆ ತೂತಿಗೆ ಇಳೀದ ಹಾಗೆ ನೋಡ್ಕೋಬೇಕು ಅಷ್ಟೇ. ಎಲ್ಲಾ ಆದ್ಮೇಲೆ ಬಚ್ಚಲಲ್ಲಿ ಬಕೆಟ್ ಇಟ್ಟು ಎರಡು ದಿನ ಓಡಿಸಿ, ಕ್ಯಾನಿಸ್ಟರ್ ಕೆಳಗೆ ಒಂದು ಪೇಪರ್ ಹಾಕಿ. ಪೇಪರ್ ಒದ್ದೆ ಆಗದಿದ್ರೆ ಆಮೇಲೆ ಹಾಲಿಗೆ ತನ್ನಿ.

ಇಷ್ಟೆಲ್ಲ ಯಾಕೆ, ಗಪ್ಪಿಗೆ ಒಂದು ಸ್ಪಾಂಜ್ ಫಿಲ್ಟರೇ ಧಾರಾಳ ಸಾಕು. ಆದ್ರೆ ಹಾಗಂದ್ರೆ ನೀವು ಕೇಳಲ್ಲ ಅಂತ ಗೊತ್ತು.

ಪ್ರಶ್ನೆ: ಒಳಗೆ ಇದ್ದಿಲು ಹಾಕಲೇಬೇಕಾ? ತಂದೂರಿ ಇದ್ದಿಲು ನಡೆಯುತ್ತಾ?

ಉತ್ತರ: ಬೇಡ. ನಡೆಯಲ್ಲ.

ಪ್ರಶ್ನೆ: ಪ್ರತಿ ವಾರ ಫಿಲ್ಟರ್ ಬಿಚ್ಚಿ ನಲ್ಲಿ ಕೆಳಗೆ ಚೆನ್ನಾಗಿ ತೊಳೀತೀನಿ, ಆದ್ರೂ ಮೀನು ಸಾಯುತ್ತೆ.

ಉತ್ತರ: ತೊಳೆಯೋದ್ರಿಂದಲೇ ಸಾಯ್ತಿರೋದು. ಬಿಎಂಸಿ (ಮುಂಬೈ ಪಾಲಿಕೆ) ನೀರಲ್ಲಿ ಕ್ಲೋರಿನ್ ಇರುತ್ತೆ, ಮೀನಿನ ಗಲೀಜಿಂದ ಬರೋ ಅಮೋನಿಯಾ ಅನ್ನೋ ವಿಷಾನ ತಿನ್ನೋ ಬ್ಯಾಕ್ಟೀರಿಯಾ ಫಿಲ್ಟರಿಂದ ಹೋಗುತ್ತೆ. ಟ್ಯಾಂಕಿಂದ ತೆಗೆದ ನೀರಲ್ಲೇ ಸ್ಪಾಂಜ್ ಹಿಂಡಿ, ಸೆರಾಮಿಕ್ ರಿಂಗ್ ಮುಟ್ಟಬೇಡಿ. ಅಂಗಡೀಲಿ ಕೊಡೋ ನೀಲಿ ಔಷಧೀನೂ ಸುಮ್ಸುಮ್ನೆ ಸುರೀಬೇಡಿ.

ಪ್ರಶ್ನೆ: ಶಬ್ದಕ್ಕೆ ನಿದ್ದೆ ಬರಲ್ಲ, ರಾತ್ರಿ ಫಿಲ್ಟರ್ ಆಫ್ ಮಾಡ್ಬಹುದಾ?

ಉತ್ತರ: ಖಂಡಿತ ಬೇಡ. ನಿಂತ ನೀರಲ್ಲಿ ಆಕ್ಸಿಜನ್ ಮುಗಿದು ಒಳಗೆಲ್ಲ ಕೊಳೆಯುತ್ತೆ, ಬೆಳಗ್ಗೆ ಆನ್ ಮಾಡಿದ್ರೆ ಆ ಗಲೀಜೇ ಟ್ಯಾಂಕಿಗೆ ಹೋಗೋದು. ತುಂಬಾ ಹೊತ್ತು ಕರೆಂಟ್ ಹೋಗಿದ್ರೂ ಅಷ್ಟೇ, ಒಳಗಿನ ನೀರು ಚೆಲ್ಲಿ ಆಮೇಲೆ ಶುರು ಮಾಡಿ. ಗರಗರ ಶಬ್ದ ಬರೋದು ಹೆಚ್ಚಾಗಿ ಗಾಳಿ ಸಿಕ್ಕಾಕ್ಕೊಂಡಿರೋದ್ರಿಂದ, ಕ್ಯಾನಿಸ್ಟರನ್ನ ಆಕಡೆ ಈಕಡೆ ವಾಲಿಸಿ, ಗುಳ್ಳೆ ಹೊರಗೆ ಹೋದ್ರೆ ನಿಲ್ಲುತ್ತೆ.