ನಮ್ಮ ಮನೆ ಫಿಜಿಯಲ್ಲಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಫಿಜಿಯ ದೊಡ್ಡ ದ್ವೀಪ ವೀಟಿ ಲೆವುವಿನಲ್ಲಿ ಸಂಸಾರ ಹೂಡಿರುವ ಕುಟುಂಬಗಳಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ನೀರು, ಬೂಷ್ಟು, ಬಿರುಗಾಳಿ ಮತ್ತು ರಜೆಯ ಓಡಾಟದವೇ ಹೆಚ್ಚು.

ಪ್ರ: ನಾಂದಿ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ನಲ್ಲಿ ನೀರು ಆಗಾಗ ಕೈಕೊಡುತ್ತದೆ. ಹಿತ್ತಲಲ್ಲಿ 5,000 ಲೀಟರಿನ ಟ್ಯಾಂಕ್ ಇದೆ, ತಗಡಿನ ಮಾಡಿನ ಮಳೆನೀರು ಅದಕ್ಕೆ ಬೀಳುತ್ತದೆ. ಆ ನೀರನ್ನು ಮಕ್ಕಳಿಗೆ ಕುಡಿಸಬಹುದೇ?

ಉ: ಕುಡಿಸಬಹುದು, ಆದರೆ ಸ್ವಲ್ಪ ಕೆಲಸ ಮಾಡಿದ ಮೇಲೆ. ಮಳೆನೀರು ಮುಖ್ಯವಾಗಿ ಕೆಡುವುದು ಮಾಡಿನ ಮೇಲೆ. ಹಕ್ಕಿ ಹಿಕ್ಕೆ, ಇಲಿ-ಹಲ್ಲಿಗಳ ಹೊಲಸು, ಕೊಳೆತ ಎಲೆ, ನಿಮ್ಮ ಕಡೆ ಕಬ್ಬಿನ ಗದ್ದೆಗೆ ಬೆಂಕಿ ಇಟ್ಟಾಗ ಹಾರಿ ಬರುವ ಮಸಿ ಎಲ್ಲವೂ ಮಳೆಯ ಮೊದಲ ಹೊಡೆತಕ್ಕೇ ತೊಳೆದುಕೊಂಡು ಇಳಿಯುತ್ತವೆ. ಆ ಮೊದಲ ನೀರು ಟ್ಯಾಂಕಿಗೆ ಹೋಗದಂತೆ ತಡೆದರೆ ಮುಕ್ಕಾಲು ಕೆಲಸ ಮುಗಿಯಿತು.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಮಾಡಾದರೆ ಮೊದಲ ಅರ್ಧ ಮಿಲಿಮೀಟರ್, ಅಂದರೆ 50 ಲೀಟರ್, ಹೊರಗೆ ಹೋಗಬೇಕು. ಮಾಡಿನಿಂದ ಇಳಿಯುವ ಕೊಳವೆಗೆ ಒಂದು ಕವಲು ಕೂಡಿಸಿ, 150 ಮಿ.ಮೀ. ವ್ಯಾಸದ ಪಿವಿಸಿ ಪೈಪನ್ನು ಕೆಳಮುಖವಾಗಿ ನಿಲ್ಲಿಸಿ. ಅದರ ಒಂದು ಮೀಟರಿನಲ್ಲಿ ಸುಮಾರು 17 ಲೀಟರ್ ಹಿಡಿಯುತ್ತದೆ, ಹಾಗಾಗಿ ಮೂರು ಮೀಟರ್ ಸಾಕು. 100 ಮಿ.ಮೀ. ಪೈಪಾದರೆ ಆರು ಮೀಟರಿಗಿಂತ ಉದ್ದ ಬೇಕು, ಹೆಚ್ಚಿನ ಮನೆಗಳಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಪೈಪಿನ ತಳಕ್ಕೆ ತಿರುಪಿನ ಮುಚ್ಚಳ ಹಾಕಿ, ಅದರಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಕೊರೆಯಿರಿ. ಕೊಳೆನೀರಿನಿಂದ ಪೈಪು ತುಂಬಿದ ಮೇಲೆ ಹಿಂದೆ ಬರುವ ಚೊಕ್ಕ ನೀರು ತಾನಾಗಿ ಟ್ಯಾಂಕಿನತ್ತ ತಿರುಗುತ್ತದೆ. ಮಳೆ ನಿಂತ ಮೇಲೆ ಆ ತೂತಿನಿಂದ ಪೈಪು ಮೆಲ್ಲಗೆ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತದೆ.

ಎಡವಟ್ಟಾಗುವುದು ಈ ತೂತಿನಲ್ಲೇ. ಒಂದು ಎಲೆಯ ಚೂರು ಅಡ್ಡ ಬಂದರೆ ಪೈಪು ಖಾಲಿಯಾಗುವುದಿಲ್ಲ, ಮುಂದಿನ ಮಳೆಯ ಕೊಳೆ ನೇರವಾಗಿ ಟ್ಯಾಂಕಿಗೆ ಇಳಿಯುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ ತೊಳೆಯಿರಿ. ನೀರು ಒಳಬರುವ ಬಾಯಿಗೂ ತುಂಬಿ ಹೊರಹರಿಯುವ ಕೊಳವೆಗೂ ಒಂದು ಮಿಲಿಮೀಟರಿನ ಜಾಲರಿ ಬಿಗಿಯಿರಿ. ಫಿಜಿಯಲ್ಲಿ ಮಲೇರಿಯಾ ಇಲ್ಲ, ಆದರೆ ಡೆಂಗಿ ಇದೆ, ಅದನ್ನು ಹರಡುವ ಸೊಳ್ಳೆಗೆ ಇಂಥ ಟ್ಯಾಂಕೇ ತವರು. ಹೊರಹರಿಯುವ ಕೊಳವೆಗೆ ಜಾಲರಿ ಹಾಕುವುದನ್ನು ಬಹಳ ಜನ ಮರೆಯುತ್ತಾರೆ.

ಟ್ಯಾಂಕಿಗೆ ಹೊಲಸು ಸೇರಿದೆ ಎಂಬ ಅನುಮಾನ ಬಂದರೆ ಶೇ 4ರ ಬ್ಲೀಚನ್ನು, ಸುವಾಸನೆ ಸೇರಿಸದ್ದನ್ನೇ ನೋಡಿ, ಸಾವಿರ ಲೀಟರಿಗೆ 125 ಮಿ.ಲೀ. ಹಾಕಿ ಒಂದು ದಿನ ಬಿಡಿ. ಅಳತೆ ಹಿಡಿಯಬೇಕಾದದ್ದು ಒಳಗೆ ಇರುವ ನೀರಿಗೆ. ಟ್ಯಾಂಕಿನ ಮೇಲೆ ಬರೆದ ಲೀಟರಿಗೆ ಅಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಕುಡಿಯುವ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿಯೇ ಮಕ್ಕಳಿಗೆ ಕೊಡಿ. ಟೈಫಾಯ್ಡ್ ಈ ದೇಶದಲ್ಲಿ ಇನ್ನೂ ಉಳಿದಿರುವ ಕಾಯಿಲೆ.

ಪ್ರ: ಸುವಾದಲ್ಲಿ ಬೀರು ತೆರೆದರೆ ಬೂಷ್ಟಿನ ವಾಸನೆ. ರೇಷ್ಮೆ ಸೀರೆ, ಚರ್ಮದ ಬೂಟು ಎರಡೂ ಹಾಳಾಗುತ್ತಿವೆ. ನಾಂದಿಯಲ್ಲಿರುವ ಬಂಧುಗಳಿಗೆ ಈ ಕಾಟವೇ ಇಲ್ಲವಂತೆ.

ಉ: ಅವರು ಹೇಳುವುದು ನಿಜ. ವರ್ಷದ ಬಹುಪಾಲು ಗಾಳಿ ಆಗ್ನೇಯದಿಂದ ಬೀಸುತ್ತದೆ, ನಡುವಿನ ಬೆಟ್ಟಸಾಲಿಗೆ ಬಡಿದು ಸುವಾ ಕಡೆಯೇ ಮಳೆ ಸುರಿಸುತ್ತದೆ. ಸುವಾಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 3,000 ಮಿ.ಮೀ. ಮಳೆ, ಬೆಟ್ಟದ ಮರೆಯಲ್ಲಿರುವ ನಾಂದಿಗೆ ಅದಕ್ಕಿಂತ ತೀರಾ ಕಡಿಮೆ.

ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಹೊರಗೋಡೆಗೆ ತಾಗಿದ ಬೀರುವಿನ ಬೆನ್ನಿಗೇ ಬೂಷ್ಟು ಮೊದಲು ಹಿಡಿಯುವುದು. ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಒಳಗೆ ಸಿಕ್ಕ ತೇವ ಹೊರಬರಲಾರದು, ಜರಿ ಕಪ್ಪಾಗುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಬಿಸಿಲು ಕಂಡ ದಿನ ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡಿ. ಬೂಟು, ಕ್ಯಾಮೆರಾ, ಪಾಸ್‌ಪೋರ್ಟುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಬಹುದು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ತೇವ ಕುಡಿದು ತಣಿದಿದೆ ಎಂದರ್ಥ. ಒಲೆಯ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮರಕ್ಕೆ ಹಿಡಿದ ಬೂಷ್ಟಿಗೆ ಬಿಳಿ ವಿನೆಗರ್ ಸಿಂಪಡಿಸಿ, ಒಂದು ಗಂಟೆ ಬಿಟ್ಟು ಒರೆಸಿ. ಬ್ಲೀಚು ಕಲೆಯನ್ನು ಬಿಳಿಯಾಗಿಸುತ್ತದೆ, ಮರದ ಒಳಗಿನ ಬೇರು ಹಾಗೇ ಉಳಿಯುತ್ತದೆ. ವಿನೆಗರ್ ಮತ್ತು ಬ್ಲೀಚನ್ನು ಯಾವ ಕಾರಣಕ್ಕೂ ಒಟ್ಟಿಗೆ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಪ್ರ: ನಕ್ಷೆಯಲ್ಲಿ ಓದಿದಂತೆ ಊರಿನ ಹೆಸರು ಹೇಳಿದರೆ ಬಸ್ಸಿನವರಿಗೆ ಅರ್ಥವಾಗುವುದಿಲ್ಲ. ಏಕೆ?

ಉ: ಫಿಜಿ ಭಾಷೆಯ ರೋಮನ್ ಬರಹದಲ್ಲಿ ಡಿ ಅಕ್ಷರದ ಹಿಂದೆ ‘ನ್’, ಬಿ ಹಿಂದೆ ‘ಮ್’ ಅಡಗಿರುತ್ತದೆ. ಜಿ ಎಂದರೆ ಮೂಗಿನ ‘ಙ’, ಕ್ಯೂ ಎಂದರೆ ‘ಂಗ’. ಸಿ ಅಕ್ಷರವನ್ನು ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ, ‘ದ’ಕಾರವನ್ನು ಉಸಿರಿನಲ್ಲಿ ಸವರಿದಂತೆ ಹೇಳಬೇಕು. ಹಾಗಾಗಿ ‘ನಾಡಿ’ ಎಂದು ಓದಿದ್ದು ನಾಂದಿ, ‘ಲಬಾಸಾ’ ಎಂದದ್ದು ಲಂಬಾಸ, ‘ಕಡಾವು’ ದ್ವೀಪ ಕಂದಾವು. ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಉಚ್ಚಾರ ತಪ್ಪುವುದು ಕಡಿಮೆ, ಸಿ ಅಕ್ಷರದ್ದೊಂದನ್ನು ಬಿಟ್ಟರೆ ನಮ್ಮ ಲಿಪಿಗೆ ಈ ಸದ್ದುಗಳೆಲ್ಲ ಸಲೀಸು.

ಪ್ರ: ಮಗಳ ಸಹಪಾಠಿಯ ಮನೆಯವರು ತಮ್ಮ ಹಳ್ಳಿಗೆ ಕರೆದಿದ್ದಾರೆ. ನಾವು ಸಸ್ಯಾಹಾರಿಗಳು. ಏನು ಒಯ್ಯಬೇಕು, ಹೇಗೆ ನಡೆದುಕೊಳ್ಳಬೇಕು?

ಉ: ಬರಿಗೈಯಲ್ಲಿ ಹೋಗಬೇಡಿ, ಮಿಠಾಯಿ ಡಬ್ಬಿಯೊಂದೇ ಹಿಡಿದೂ ಹೋಗಬೇಡಿ. ಹಳ್ಳಿಗೆ ಮೊದಲು ಸಲ್ಲಬೇಕಾದದ್ದು ಯಂಗೋನ, ಅಂದರೆ ಕಾವಾ ಬೇರು. ಪಟ್ಟಣದ ಮಾರುಕಟ್ಟೆಯಲ್ಲಿ ಕಾಗದ ಸುತ್ತಿ ಕಟ್ಟಿದ ಒಣ ಬೇರಿನ ಕಟ್ಟು ಸಿಗುತ್ತದೆ. ಅರ್ಧ ಕಿಲೋದಷ್ಟು ಸಾಕು. ಪುಡಿ ಬೇಡ, ಬೇರೇ ಇರಲಿ. ‘ವಾಕಾ’ ಎಂದು ಕೇಳಿದರೆ ಬೇರನ್ನೇ ಕೊಡುತ್ತಾರೆ. ಇದನ್ನು ಒಪ್ಪಿಸುವ ಶಾಸ್ತ್ರಕ್ಕೆ ಸೆವುಸೆವು ಎಂದು ಹೆಸರು. ಅದು ಮುಗಿಯುವವರೆಗೆ ನೀವು ಹಳ್ಳಿಯ ಅತಿಥಿಯಲ್ಲ, ದಾರಿಹೋಕ. ಹಾಗಾಗಿ ಅದಕ್ಕೆ ಮೊದಲು ಸುತ್ತಾಡುವುದು, ಫೋಟೊ ತೆಗೆಯುವುದು ಬೇಡ.

ಊರ ಗಡಿಯಲ್ಲೇ ಟೋಪಿ ತೆಗೆಯಿರಿ, ತಲೆಗೇರಿಸಿದ ಕಪ್ಪು ಕನ್ನಡಕವನ್ನೂ ತೆಗೆಯಿರಿ. ಭುಜ ಮುಚ್ಚಿರಲಿ, ಬಟ್ಟೆ ಮೊಣಕಾಲಿನ ಕೆಳಗೆ ಬರಲಿ. ಸುಲು ಎಂಬ ಸುತ್ತುಬಟ್ಟೆ ನಮ್ಮ ಪಂಚೆಯ ಹಾಗೇ ಇರುತ್ತದೆ, ಗಂಡಸರು ಹೆಂಗಸರು ಇಬ್ಬರೂ ಉಡುತ್ತಾರೆ. ಚಪ್ಪಲಿ ಬಾಗಿಲಲ್ಲೇ ಬಿಡಿ. ಚಾಪೆಯ ಮೇಲೆ ಗಂಡಸರು ಚಕ್ಕಳಮಕ್ಕಳ ಹಾಕಿ, ಹೆಂಗಸರು ಕಾಲನ್ನು ಒಂದು ಪಕ್ಕಕ್ಕೆ ಮಡಚಿ ಕೂರುವುದು ರೂಢಿ. ಕುಳಿತವರ ನಡುವೆ ಹಾಯುವಾಗ ಬಗ್ಗಿ, ‘ತುಲೋ’ ಎನ್ನುತ್ತ ಹಾಯಿರಿ. ಮಕ್ಕಳು ಮುದ್ದಾಗಿದ್ದಾರೆಂದು ಅವರ ತಲೆ ಸವರಬೇಡಿ, ತಲೆ ಅವರಿಗೆ ಪವಿತ್ರ.

ಕಟ್ಟನ್ನು ಹಿರಿಯರ ಕೈಗೆ ಕೊಡದೆ ಅವರ ಮುಂದೆ ಚಾಪೆಯ ಮೇಲಿಡಬೇಕು. ನಿಮ್ಮ ಪರವಾಗಿ ಆ ಮನೆಯವರೇ ಒಬ್ಬರು ಮಾತಾಡುತ್ತಾರೆ. ಆಮೇಲೆ ಬೇರನ್ನು ಕುಟ್ಟಿ, ತಾನೋವ ಎಂಬ ಮರದ ಬೋಗುಣಿಯಲ್ಲಿ ನೀರಿನೊಂದಿಗೆ ಹಿಸುಕಿ ಸೋಸುತ್ತಾರೆ. ಬೋಗುಣಿಯತ್ತ ಕಾಲು ಚಾಚಬಾರದು. ತೆಂಗಿನ ಚಿಪ್ಪಿನ ಬಿಲೋ ನಿಮ್ಮ ಮುಂದೆ ಬಂದಾಗ ಅಂಗೈ ಗುಳಿ ಮಾಡಿ ಒಮ್ಮೆ ಚಪ್ಪಾಳೆ ತಟ್ಟಿ, ‘ಬುಲಾ’ ಎಂದು ಒಂದೇ ಗುಟುಕಿಗೆ ಕುಡಿದು, ಚಿಪ್ಪು ಹಿಂದಿರುಗಿಸಿ ಮೂರು ಸಲ ತಟ್ಟಿ. ನಾಲಿಗೆ ತುಸು ಜೋಮು ಹಿಡಿಯುತ್ತದೆ. ಕಡಿಮೆ ಬೇಕೆಂದರೆ ‘ಲೋ ಟೈಡ್’ ಎನ್ನಿ, ಎಲ್ಲರಿಗೂ ಅರ್ಥವಾಗುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಇದು ಬೇಡ. ಕುಡಿದವರು ಗಾಡಿ ಓಡಿಸಬಾರದು.

ಊಟದ ವಿಷಯ ಕರೆದವರಿಗೆ ಮುಂಚೆಯೇ ತಿಳಿಸಿ. ಬೇಯಿಸಿದ ದಾಲೋ ಗೆಡ್ಡೆ, ಮರಗೆಣಸು, ತೆಂಗಿನ ಹಾಲಿನ ಸೊಪ್ಪು ನಿಮಗೆ ಒಗ್ಗುತ್ತವೆ. ಆದರೆ ಆ ಸೊಪ್ಪಿಗೆ ಡಬ್ಬಿ ಮೀನು ಬೆರೆಸುವುದು ಬಹು ಸಾಮಾನ್ಯ. ಎಲೆಯ ಮುಂದೆ ಕೂತ ಮೇಲೆ ಬೇಡ ಎನ್ನುವುದು ಅಡಿಗೆ ಮಾಡಿದವರಿಗೆ ನೋವು. ಭಾನುವಾರ ಚರ್ಚಿನ ದಿನ, ಈಜು-ಗದ್ದಲಕ್ಕೆ ಹೊಂದಿದ ದಿನವಲ್ಲ, ಬಸ್ಸೂ ಕಡಿಮೆ. ಶನಿವಾರ ಒಳ್ಳೆಯದು.

ಪ್ರ: ದಾಲೋ ಎಲೆಯ ಸಾರು ಮಾಡಿದರೆ ಗಂಟಲು ತುರಿಸುತ್ತದೆ.

ಉ: ದಾಲೋ ಎಂದರೆ ಕೆಸುವೇ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಅರೆಬೆಂದರೆ ಅವು ಚುಚ್ಚುತ್ತವೆ. ಎಳೆಯ ಎಲೆ ಆರಿಸಿ, ದಂಟು ಮತ್ತು ದಪ್ಪ ನರ ತೆಗೆದು, ಮುಕ್ಕಾಲು ಗಂಟೆ ಬೇಯಿಸಿ. ಎಲೆ ಎಳೆಯಾಗಿ ಉಳಿಯದೆ ಕರಗಿ ಮುದ್ದೆಯಾಗಬೇಕು. ಹುಣಸೆ ಇಲ್ಲವೇ ನಿಂಬೆಹುಳಿ ಜೊತೆಗಿರಲಿ. ತೆಂಗಿನ ಹಾಲನ್ನು ಕೊನೆಯ ಐದು ನಿಮಿಷಕ್ಕೆ ಹಾಕಿ, ಮೊದಲೇ ಹಾಕಿದರೆ ಒಡೆಯುತ್ತದೆ.

ಪ್ರ: ಇದು ನಮ್ಮ ಮೊದಲ ಬಿರುಗಾಳಿ ಋತು. ಎಚ್ಚರಿಕೆ ಬಂದಾಗ ಮನೆಯಲ್ಲಿ ಯಾವ ಕೆಲಸ ಮೊದಲು?

ಉ: ನವೆಂಬರಿನಿಂದ ಏಪ್ರಿಲ್‌ವರೆಗೆ ಋತು. 2016ರ ಫೆಬ್ರವರಿ 20ರಂದು ಅಪ್ಪಳಿಸಿದ ವಿನ್‌ಸ್ಟನ್ ಐದನೇ ದರ್ಜೆಯದು, ಅಂದರೆ ಗಂಟೆಗೆ 200 ಕಿ.ಮೀ. ಮೀರಿದ ನಿರಂತರ ಗಾಳಿ. 44 ಜನ ಸತ್ತರು. ನಾಂದಿಯಲ್ಲಿರುವ ಹವಾಮಾನ ಸೇವೆಯ ಪ್ರಕಟಣೆಯನ್ನೇ ನಂಬಿ, ಫೋನಿನಲ್ಲಿ ಹರಿದಾಡುವ ಚಿತ್ರಗಳನ್ನಲ್ಲ.

ಮೊದಲು ನೀರು. ಟ್ಯಾಂಕ್ ತುಂಬಿಸಿಕೊಳ್ಳಿ, ತುಂಬಿದ ಟ್ಯಾಂಕ್ ಗಾಳಿಗೆ ಹಾರದು, ಖಾಲಿ ಟ್ಯಾಂಕ್ ಪಕ್ಕದ ಮನೆಯ ಕಿಟಕಿಗೆ ಹೋಗಿ ಬಡಿಯುತ್ತದೆ. ಆಮೇಲೆ ಮಾಡಿನ ಕೊಳವೆಯನ್ನು ಟ್ಯಾಂಕಿನಿಂದ ಬಿಡಿಸಿ ಬಾಯಿ ಮುಚ್ಚಿ. ಇಲ್ಲದಿದ್ದರೆ ಗಾಳಿ ಹೊತ್ತು ತರುವ ಸಮುದ್ರದ ಉಪ್ಪುನೀರು, ಎಲೆಚೂರು ಎಲ್ಲ ಒಳಸೇರಿ, ನೀರು ಅತ್ಯಂತ ಬೇಕಾದ ವಾರದಲ್ಲೇ ಟ್ಯಾಂಕ್ ಕೆಡುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಕನಿಷ್ಠ ಮೂರು ದಿನದ ಕುಡಿಯುವ ನೀರನ್ನು ಮನೆಯೊಳಗೂ ತುಂಬಿಡಿ.

ಗಾಜಿನ ಪಟ್ಟಿಯ ಕಿಟಕಿಗಳಿಗೆ ಹೊರಗಿನಿಂದ ಪ್ಲೈವುಡ್ ಹಲಗೆ ಬಿಗಿಯಬೇಕು. ಗಾಜಿಗೆ ಟೇಪು ಅಂಟಿಸಿದರೆ ಏನೂ ಪ್ರಯೋಜನವಿಲ್ಲ. ಹಲಗೆಗಳನ್ನು ಅಕ್ಟೋಬರಿನಲ್ಲೇ ಅಳತೆಗೆ ಕೊಯ್ಯಿಸಿ, ಯಾವ ಹಲಗೆ ಯಾವ ಕಿಟಕಿಗೆ ಎಂದು ಬರೆದು, ತಿರುಪುಗಳನ್ನು ಜೊತೆಗೇ ಕಟ್ಟಿಡಿ. ಗಾಳಿ ಎದ್ದ ಮೇಲೆ ಮಾಡಿನ ಮೇಲಾಗಲಿ ಏಣಿಯ ಮೇಲಾಗಲಿ ಯಾರೂ ಹತ್ತಕೂಡದು.

ಮನೆಯ ನಡುವಿನ ಚಿಕ್ಕ ಕೋಣೆಯಲ್ಲಿ ಇರಿ. ಅಬ್ಬರದ ಮಧ್ಯೆ ಗಾಳಿ ಥಟ್ಟನೆ ನಿಂತು ಆಕಾಶ ತಿಳಿಯಾದರೆ ಮಕ್ಕಳು ಹೊರಗೋಡುತ್ತಾರೆ. ತಡೆಯಿರಿ. ಅದು ಬಿರುಗಾಳಿಯ ಕಣ್ಣು. ಅದು ದಾಟಿದೊಡನೆ ಗಾಳಿ ಎದುರು ದಿಕ್ಕಿನಿಂದ ಅಷ್ಟೇ ರಭಸದಿಂದ ಬರುತ್ತದೆ, ಮೊದಲ ಸುತ್ತಿಗೆ ಸಡಿಲಾದದ್ದೆಲ್ಲ ಆಗ ಕಿತ್ತು ಬರುತ್ತದೆ. ಕರೆಂಟು ಹೋದರೆ, ಬಾಗಿಲು ತೆರೆಯದ ಫ್ರಿಜ್ಜು ನಾಲ್ಕು ಗಂಟೆ, ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ. ನೆರೆನೀರಿನಲ್ಲಿ ಬರಿಗಾಲಲ್ಲಿ ಮಕ್ಕಳನ್ನು ಬಿಡಬೇಡಿ, ಇಲಿಜ್ವರ ಹಿಡಿಯುವುದು ಹೀಗೆಯೇ.

ಪ್ರ: ಶಾಲೆಯ ರಜೆಯಲ್ಲಿ ಸುವಾದಿಂದ ತವೆಉನಿಗೆ ಹಡಗಿನಲ್ಲಿ ಹೋಗಬೇಕೆಂದಿದ್ದೇವೆ. ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ.

ಉ: ಹೋಗಿ, ಬಹಳ ಚೆಂದದ ದ್ವೀಪ. ಹಡಗು ಸವುಸವು ಮುಟ್ಟಿ ಹೋಗುವುದರಿಂದ ರಾತ್ರಿಯಿಡೀ ಪ್ರಯಾಣ. ದಾಟಬೇಕಾದ ಕೋರೋ ಸಮುದ್ರದಲ್ಲಿ ಮೇ-ಅಕ್ಟೋಬರ್ ನಡುವೆ ಮಳೆ ಕಡಿಮೆಯಾದರೂ ಆಗ್ನೇಯ ಗಾಳಿ ಜೋರು. ಮುನ್ಸೂಚನೆಯಲ್ಲಿ ಗಾಳಿ 20 ನಾಟ್ ದಾಟಿದ್ದರೆ ಮಕ್ಕಳೊಂದಿಗೆ ಹೊರಡಬೇಡಿ. ಕೆಳ ಅಂತಸ್ತಿನಲ್ಲಿ ಹಡಗಿನ ನಡುಭಾಗ ಹಿಡಿಯಿರಿ, ಅಲ್ಲಿ ತೂಗಾಟ ಕಡಿಮೆ. ವಾಕರಿಕೆಯ ಮಾತ್ರೆಯನ್ನು ವೈದ್ಯರಲ್ಲಿ ಪ್ರಮಾಣ ಕೇಳಿಕೊಂಡು ಹತ್ತುವ ಮೊದಲೇ ಕೊಡಿ, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲದು. ವೇಳಾಪಟ್ಟಿ ಜಾರುತ್ತಿರುತ್ತದೆ, ಹಾಗಾಗಿ ಶಾಲೆ ತೆರೆಯುವ ಹಿಂದಿನ ದಿನಕ್ಕೆ ಮರುಪ್ರಯಾಣ ಇಟ್ಟುಕೊಳ್ಳಬೇಡಿ. ನಗದು ಸುವಾದಿಂದಲೇ ಒಯ್ಯಿರಿ.

ಬೌಮಾದಲ್ಲಿ ತವೋರೋ ಜಲಪಾತಗಳು ಮೂರು. ಮೊದಲನೆಯದು ಹತ್ತು ಹದಿನೈದು ನಿಮಿಷದ ಸಮತಟ್ಟಾದ ದಾರಿ. ಮೂರನೆಯದಕ್ಕೆ ಜಾರುವ ಕೆಸರು, ಆರು ವರ್ಷದ ಮಗುವಿಗೆ ಬೇಡ. ವೈಯೆವೋ ಬಳಿ 180 ಡಿಗ್ರಿ ರೇಖಾಂಶದ ಗುರುತಿದೆ. ಅಲ್ಲಿ ಒಂದು ಹೆಜ್ಜೆ ಇಟ್ಟರೆ ನಿನ್ನೆಗೆ ಹೋಗುತ್ತೇವೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ದಿನಾಂಕ ರೇಖೆಯನ್ನು ಫಿಜಿಯ ಪೂರ್ವಕ್ಕೆ ಬಾಗಿಸಿ ಎಳೆದಿದ್ದಾರೆ, ಆದ್ದರಿಂದ ಎರಡೂ ಬದಿಗೆ ಒಂದೇ ದಿನ.

ಪ್ರ: ಹವಳದ ದಿಬ್ಬದ ಮೇಲೆ ನಡೆಯುವಾಗ ಆದ ತರಚುಗಾಯ ವಾರವಾದರೂ ಮಾಯುತ್ತಿಲ್ಲ. ಇನ್ನೊಂದು, ಅಲ್ಲಿ ಹಿಡಿದ ದೊಡ್ಡ ಮೀನು ತಿನ್ನಬಾರದು ಎನ್ನುತ್ತಾರೆ, ನಿಜವೇ?

ಉ: ಹವಳದ ಸಣ್ಣ ಚೂರು ಗಾಯದೊಳಗೆ ಉಳಿದಿರಬಹುದು. ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಮುಂದೆ ಗಾಯವಾದ ಕೂಡಲೇ ಸಿಹಿನೀರು, ಸೋಪು, ಮೆತ್ತನೆಯ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ಉರಿದರೂ ಬಿಡಬೇಡಿ. ಸಮುದ್ರದ ನೀರಿನಿಂದ ತೊಳೆದರೆ ಆಗದು. ದಪ್ಪ ಅಡಿಯ ಬೂಟು ಹಾಕಿಯೇ ಇಳಿಯಿರಿ. ಇಳಿತ ಮುಗಿಯಲು ಒಂದು ಗಂಟೆ ಇರುವಾಗ ಹೊರಟು, ಭರತ ತಿರುಗಿದೊಡನೆ ಮರಳಿ. ದಿಬ್ಬದ ನಡುವಿನ ಕಂಡಿಗಳ ಹತ್ತಿರ ಮಕ್ಕಳು ಸುಳಿಯದಿರಲಿ, ಇಳಿತದ ನೀರೆಲ್ಲ ಅಲ್ಲಿಂದಲೇ ಸೆಳೆದುಕೊಂಡು ಹೋಗುತ್ತದೆ. ಅಂದವಾಗಿದೆ ಎಂದು ಶಂಕುವಿನಾಕಾರದ ಜೀವಂತ ಚಿಪ್ಪನ್ನು ಎತ್ತಿಕೊಳ್ಳಬೇಡಿ, ಅದರ ಕುಟುಕು ಪ್ರಾಣ ತೆಗೆಯಬಲ್ಲದು.

ಮೀನಿನ ಮಾತು ನಿಜ. ಹವಳದ ಪಾಚಿಯಲ್ಲಿರುವ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತ ಹೋಗುತ್ತದೆ. ಬಾರಾಕುಡಾ, ದೊಡ್ಡ ಕೆಂಪು ಸ್ನ್ಯಾಪರ್, ಮೊರೆ ಹಾವುಮೀನುಗಳಲ್ಲಿ ಅಪಾಯ ಹೆಚ್ಚು. ತಲೆ, ಯಕೃತ್ತು, ತತ್ತಿಯಲ್ಲಿ ಇನ್ನೂ ಹೆಚ್ಚು. ಕುದಿಸಿದರೂ ಹುರಿದರೂ ಹೆಪ್ಪುಗಟ್ಟಿಸಿದರೂ ಈ ವಿಷ ಹೋಗದು, ರುಚಿಯೂ ವಾಸನೆಯೂ ಬದಲಾಗದು. ನೊಣ ಕೂರುತ್ತದೆಯೇ, ನಾಣ್ಯ ಕಪ್ಪಾಗುತ್ತದೆಯೇ ಎಂದು ನೋಡುವ ಪರೀಕ್ಷೆಗಳಿಂದ ಏನೂ ತಿಳಿಯದು. ತಿಂದ ಕೆಲವು ಗಂಟೆಗಳಲ್ಲಿ ವಾಂತಿ-ಭೇದಿ, ತುಟಿಗೆ ಜುಮುಗುಡುವಿಕೆ, ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾವ ಮೀನು ತಿಂದಿರಿ ಎಂಬುದನ್ನು ಮೊದಲು ಹೇಳಿ. ಮೀನು ತಿನ್ನುವ ಆಸೆಯಿದ್ದರೆ ಆಳ ಸಮುದ್ರದ ಟ್ಯೂನಾ ಕೊಳ್ಳಿ, ಮಂಜುಗಡ್ಡೆಯ ಮೇಲಿಟ್ಟದ್ದನ್ನೇ ನೋಡಿ.