ಸಂಬಳವನ್ನು ಸಾಲ ಅಂತ ಕೊಟ್ಟರೆ ಒಪ್ಕೋಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಬ್ರಿಟನ್ನಿನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುವ ಕನ್ನಡಿಗರದು. ವಿಷಯವೂ ಹೆಚ್ಚುಕಮ್ಮಿ ಒಂದೇ: ಟ್ಯಾಕ್ಸ್ ತಪ್ಪಿಸಲು ಸಂಬಳವನ್ನು ಸಾಲ, ಅಡ್ವಾನ್ಸ್ ಅಂತ ಕೊಡುವ ಸ್ಕೀಮ್‌ಗಳು. ಹಾಗಾಗಿ ಬೇರೆಯವನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರ ಬರೆದಿದ್ದೇನೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿದ್ದೀರಿ, ಹಾಕಿಲ್ಲ.

ಪ್ರಶ್ನೆ: ಸರ್, ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ. ಪರ್ಮನೆಂಟ್ ಕೆಲಸ ಬಿಟ್ಟು ಮೊದಲ ಸಲ ಕಾಂಟ್ರಾಕ್ಟ್‌ಗೆ ಹೋಗುತ್ತಿದ್ದೇನೆ, ದಿನಕ್ಕೆ 400 ಪೌಂಡ್. ಏಜೆನ್ಸಿಯವರು ಎರಡು ಅಂಬ್ರೆಲಾ ಕಂಪನಿಗಳ (ಏಜೆನ್ಸಿಯಿಂದ ಹಣ ಪಡೆದು, ಟ್ಯಾಕ್ಸ್ ಹಿಡಿದು ನಮಗೆ ಸಂಬಳ ಕೊಡುವ ಕಂಪನಿ) ಹೆಸರು ಕೊಟ್ಟರು. ಒಂದರಲ್ಲಿ ಕೈಗೆ ಶೇ. 61 ಬರುತ್ತದೆ, ಇನ್ನೊಂದರಲ್ಲಿ ಶೇ. 82. ಎರಡನೆಯವರು ಒಂದು ಭಾಗವನ್ನು 'ಅಡ್ವಾನ್ಸ್' ಅಂತ ಕೊಡುತ್ತಾರಂತೆ, ಅದಕ್ಕೆ ಟ್ಯಾಕ್ಸ್ ಇಲ್ಲವಂತೆ. ಎಚ್‌ಎಂಆರ್‌ಸಿ (ಬ್ರಿಟನ್ನಿನ ತೆರಿಗೆ ಇಲಾಖೆ) ಒಪ್ಪಿಗೆ ಇದೆ, ಬ್ಯಾರಿಸ್ಟರ್ ಬರೆದುಕೊಟ್ಟಿದ್ದಾರೆ ಅಂತಾರೆ. ನನ್ನ ಸ್ನೇಹಿತ ಎರಡು ವರ್ಷದಿಂದ ಅದರಲ್ಲೇ ಇದ್ದಾನೆ, ಏನೂ ಆಗಿಲ್ಲ. ಸೇರಲಾ?

ಉತ್ತರ: ಬೇಡ. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.

ತಿಂಗಳಿಗೆ 20 ದಿನ ಕೆಲಸ ಅಂತಿಟ್ಟುಕೊಳ್ಳಿ, 8,000 ಪೌಂಡ್ ಆಯಿತು. ನೆಟ್ಟಗೆ ನಡೆಯುವ ಅಂಬ್ರೆಲಾ ಕಂಪನಿ ಇದರಲ್ಲಿ ಮೊದಲು ತನ್ನ ಮಾರ್ಜಿನ್ ಹಿಡಿಯುತ್ತದೆ. ಅದು ನೂರು ಪೌಂಡಿನ ಆಸುಪಾಸು. ಆಮೇಲೆ ಕಂಪನಿ ಕಡೆಯ ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ, ಭತ್ಯೆಗಳಿಗಾಗಿ ಸರ್ಕಾರಕ್ಕೆ ಕಟ್ಟುವ ಕಂತು), ಒಂದು ಮಿತಿ ದಾಟಿದ ಸಂಬಳದ ಮೇಲೆ ಶೇ. 15, ಜೊತೆಗೆ ಅಪ್ರೆಂಟಿಸ್‌ಶಿಪ್ ಲೆವಿ (ತರಬೇತಿಗಾಗಿ ಸರ್ಕಾರ ಹಿಡಿಯುವ ಸುಂಕ) ಶೇ. 0.5. ಉಳಿದದ್ದು ನಿಮ್ಮ ಗ್ರಾಸ್ ಸಂಬಳ. ಅದರಲ್ಲಿ ಇನ್‌ಕಮ್ ಟ್ಯಾಕ್ಸ್ ಹೋಗಿ, ನಿಮ್ಮ ಪಾಲಿನ ಇನ್ಶೂರೆನ್ಸ್ ಹೋಗಿ, ಕೈಗೆ ಬರುವುದು 4,900ರ ಹತ್ತಿರ. ಅಂದರೆ ಶೇ. 61 ಅಂದವರು ಇದ್ದದ್ದನ್ನೇ ಹೇಳಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ, ನಿಜ. ಆದರೆ ಲೆಕ್ಕ ಅದೇ.

ಈಗ 82ರವರ ಲೆಕ್ಕ. ಪೇಸ್ಲಿಪ್‌ನಲ್ಲಿ ಕನಿಷ್ಠ ಕೂಲಿಯ ಮಟ್ಟದ ಸಂಬಳ ತೋರಿಸುತ್ತಾರೆ, ತಿಂಗಳಿಗೆ 2,000 ಪೌಂಡ್ ಅಂದುಕೊಳ್ಳಿ. ಅದಕ್ಕೆ ಮಾತ್ರ ಟ್ಯಾಕ್ಸ್. ಉಳಿದ 4,800ರಷ್ಟು ಅಡ್ವಾನ್ಸ್ ಅಂತಲೋ, ಸಾಲ ಅಂತಲೋ, ಕ್ರೆಡಿಟ್ ಫೆಸಿಲಿಟಿ ಅಂತಲೋ ಬರುತ್ತದೆ. ಹೆಸರು ವರ್ಷಕ್ಕೊಂದು ಬದಲಾಗುತ್ತೆ, ಅಷ್ಟೇ. ಒಟ್ಟು ಕೈಗೆ 6,560. ಹಾಗಾದರೆ ಉಳಿದ 1,440 ಎಲ್ಲಿ ಹೋಯಿತು? ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿ ಸರ್ಕಾರಕ್ಕೆ ಹೋಗುವುದು 500ರ ಹತ್ತಿರ. ಉಳಿದ 900ಕ್ಕೂ ಮೇಲೆ ಸ್ಕೀಮ್ ನಡೆಸುವವರ ಜೇಬಿಗೆ, ಪ್ರತಿ ತಿಂಗಳು! ನೂರು ಪೌಂಡಿಗೆ ಆಗುವ ಕೆಲಸಕ್ಕೆ ಒಂಬತ್ತು ಪಟ್ಟು ಕೊಡುತ್ತಿದ್ದೀರಿ. ಇದನ್ನು ಅವರ ಬ್ರೋಷರ್‌ನಲ್ಲಿ ಯಾರೂ ಬಿಡಿಸಿ ಬರೆಯುವುದಿಲ್ಲ.

ಟ್ಯಾಕ್ಸ್ ಆದರೂ ಉಳಿಯಿತಾ ಅಂದರೆ ಅದೂ ಇಲ್ಲ. ನೀವು ದುಡಿದದ್ದಕ್ಕೆ ಬಂದ ಹಣ, ನೀವು ಯಾವತ್ತೂ ವಾಪಸ್ ಕೊಡುವ ಯೋಚನೆಯೇ ಇಲ್ಲದ ಹಣ, ಅದು ಸಾಲ ಹೇಗಾಗುತ್ತದೆ ಹೇಳಿ? ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರ ಜುಲೈನಲ್ಲಿ ರೇಂಜರ್ಸ್ ಫುಟ್‌ಬಾಲ್ ಕ್ಲಬ್ಬಿನ ಕೇಸಿನಲ್ಲಿ ಇದನ್ನೇ ನೋಡಿತು. ಆಟಗಾರರಿಗೆ ಟ್ರಸ್ಟ್ ಮೂಲಕ ಸಾಲ ಅಂತ ಕೊಡಿಸಿದ್ದರು. ಟ್ರಸ್ಟಿಗೆ ಹೋದ ಹಣವೇ ಸಂಬಳ, ಅದಕ್ಕೆ ಟ್ಯಾಕ್ಸ್ ಕಟ್ಟಬೇಕಿತ್ತು ಅಂತ ತೀರ್ಪು ಬಂತು. ನಿಮಗೆ ಸ್ಕೀಮ್ ಮಾರುವವರಿಗೆ ಈ ತೀರ್ಪು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

'ಎಚ್‌ಎಂಆರ್‌ಸಿ ಒಪ್ಪಿಗೆ' ಅನ್ನುವುದು ಶುದ್ಧ ಸುಳ್ಳು. ಅವರು ಇಂಥ ಯಾವ ಸ್ಕೀಮಿಗೂ ಒಪ್ಪಿಗೆ ಕೊಡುವುದಿಲ್ಲ. ಕೆಲವರು ಸ್ಕೀಮ್ ರೆಫರೆನ್ಸ್ ನಂಬರ್ ತೋರಿಸಿ ರಿಜಿಸ್ಟರ್ ಆಗಿದೆ ನೋಡಿ ಅಂತಾರೆ. ಆ ನಂಬರ್ ಇರುವುದು ಟ್ಯಾಕ್ಸ್ ತಪ್ಪಿಸುವ ಸ್ಕೀಮ್‌ಗಳ ಮೇಲೆ ಕಣ್ಣಿಡುವುದಕ್ಕೆ, 2004ರಿಂದ. ಬ್ಯಾರಿಸ್ಟರ್ ಪತ್ರದ ಪೂರ್ತಿ ಪ್ರತಿ ಕೇಳಿ ನೋಡಿ. ಸಿಕ್ಕಿದರೂ ಅದನ್ನು ಬರೆಸಿಕೊಂಡವರು ಅವರು, ನೀವಲ್ಲ.

ಸ್ನೇಹಿತರಿಗೆ ಎರಡು ವರ್ಷದಿಂದ ಏನೂ ಆಗಿಲ್ಲ ಅಂದಿರಿ. ಎರಡು ವರ್ಷ ಯಾವ ಲೆಕ್ಕಕ್ಕೂ ಇಲ್ಲ. ಹಳೇ ವರ್ಷಗಳ ಟ್ಯಾಕ್ಸ್ ಕೇಳಲು ಎಚ್‌ಎಂಆರ್‌ಸಿಗೆ ಸಾಮಾನ್ಯವಾಗಿ 4 ವರ್ಷ ಸಮಯವಿದೆ, ಅಜಾಗರೂಕತೆ ಇದ್ದರೆ 6, ಬೇಕಂತಲೇ ಮಾಡಿದ್ದರೆ 20. ಅಷ್ಟರಲ್ಲಿ ಸ್ಕೀಮ್ ನಡೆಸಿದ ಕಂಪನಿ ಮುಚ್ಚಿ, ಇನ್ನೊಂದು ಹೆಸರಲ್ಲಿ ತೆರೆದು, ಅದೂ ಮುಚ್ಚಿರುತ್ತೆ. ಉಂಡೂ ಹೋದ ಕೊಂಡೂ ಹೋದ ಅಂತಾರಲ್ಲ, ಹಾಗೆ. ನಿಮ್ಮ ಹತ್ತಿರ ಉಳಿಯುವುದು ಎಚ್‌ಎಂಆರ್‌ಸಿ ಪತ್ರ, ಟ್ಯಾಕ್ಸ್, ಬಡ್ಡಿ, ಕೆಲವೊಮ್ಮೆ ದಂಡ. ಅವರಿಗೆ ಕೊಟ್ಟ ಫೀಸು ವಾಪಸ್ ಬರುವುದಿಲ್ಲ.

2026ರ ಏಪ್ರಿಲ್ 6ರಿಂದ ಒಂದು ಹೊಸ ನಿಯಮ ಬಂದಿದೆ. ಅಂಬ್ರೆಲಾ ಕಂಪನಿ ಸಂಬಳದ ಟ್ಯಾಕ್ಸ್ ಸರಿಯಾಗಿ ಕಟ್ಟದಿದ್ದರೆ ಏಜೆನ್ಸಿಯನ್ನೂ ಹಿಡಿದು ಕೇಳಬಹುದು. ಒಳ್ಳೆಯದೇ. ಆದರೆ ಅದನ್ನೇ ನಂಬಿ ಸೇರಬೇಡಿ. ಏಜೆನ್ಸಿಯವರು ಕೊಡಲೇಬೇಕಾದ ಕೀ ಇನ್ಫರ್ಮೇಷನ್ ಡಾಕ್ಯುಮೆಂಟ್ ಕೇಳಿ ಓದಿ, ಕೈಗೆಷ್ಟು ಬರುತ್ತೆ, ಏನೇನು ಕಡಿತ ಅಂತ ಅದರಲ್ಲಿ ಇರಬೇಕು. ಸಿಕ್ಕಿಬಿದ್ದ ಸ್ಕೀಮ್‌ಗಳ ಹೆಸರನ್ನು ಎಚ್‌ಎಂಆರ್‌ಸಿ ಪ್ರಕಟಿಸುತ್ತದೆ, ಅದನ್ನೂ ನೋಡಿ. ಪಟ್ಟಿಯಲ್ಲಿ ಇಲ್ಲ ಅಂದರೆ ಸರಿಯಾಗಿದೆ ಅಂತ ಅರ್ಥವಲ್ಲ, ಇನ್ನೂ ಸಿಕ್ಕಿಬಿದ್ದಿಲ್ಲ ಅಂತಲೂ ಇರಬಹುದು. ಶೇ. 61ರವರ ಹತ್ತಿರ ಹೋಗಿ.

ಪ್ರಶ್ನೆ: ಮೇಡಂ/ಸರ್, ನಾನು ಏಜೆನ್ಸಿ ನರ್ಸ್. ಪ್ರತಿ ವಾರ ಬ್ಯಾಂಕಿಗೆ ಎರಡು ಸಲ ಹಣ ಬರುತ್ತದೆ, ಪೇಸ್ಲಿಪ್‌ನಲ್ಲಿ ಒಂದೇ ಇದೆ. ಕೇಳಿದರೆ 'ಎಲ್ಲರಿಗೂ ಹೀಗೇ' ಅಂದರು. ನಾನು ಯಾವ ಸ್ಕೀಮಿಗೂ ಸೇರಿಲ್ಲ. ಈಗ ನಾಲ್ಕು ತಿಂಗಳ ಬಸುರಿ.

ಉತ್ತರ: ಮೊದಲಿಗೆ, ಶುಭಾಶಯ ಅಮ್ಮಾ. ಆಮೇಲೆ ಬೇಜಾರಿನ ವಿಷಯ: ಗೊತ್ತಿಲ್ಲದೆಯೇ ನೀವು ಸೇರಿದ್ದೀರಿ. ಬ್ಯಾಂಕಿನ ಹಣ ಪೇಸ್ಲಿಪ್‌ಗಿಂತ ಜಾಸ್ತಿ ಬಂದರೆ ಅದೇ ಇದರ ಗುರುತು. ಸೇರುವಾಗ ಒಂದೇ ಸಲ ಹತ್ತಾರು ಕಾಗದಕ್ಕೆ ಮೊಬೈಲಿನಲ್ಲೇ ಸೈನ್ ಹಾಕಿಸಿರುತ್ತಾರೆ, ಅದರಲ್ಲೊಂದು ಸಾಲದ ಕರಾರು ಇರಬಹುದು. ಹುಡುಕಿ ನೋಡಿ.

ನಿಮಗೆ ಇದು ಈಗಲೇ ತಟ್ಟುತ್ತದೆ. ಸ್ಟ್ಯಾಚುಟರಿ ಮೆಟರ್ನಿಟಿ ಪೇನಲ್ಲಿ (ಕಾನೂನಿನ ಪ್ರಕಾರ ಕೊಡಬೇಕಾದ ಹೆರಿಗೆ ರಜೆಯ ಸಂಬಳ) ಮೊದಲ 6 ವಾರ ನಿಮ್ಮ ಸರಾಸರಿ ವಾರದ ಸಂಬಳದ ಶೇ. 90 ಕೊಡಬೇಕು. ಆ ಸರಾಸರಿ ತೆಗೆಯುವುದು ಪೇಸ್ಲಿಪ್‌ನ ಸಂಬಳದ ಮೇಲೆ, ಅಡ್ವಾನ್ಸ್ ಅಂತ ಬಂದದ್ದನ್ನು ಹಿಡಿಯುವುದಿಲ್ಲ. ಪೆನ್ಷನ್ ಕಂತಿಗೂ ಅದೇ ಲೆಕ್ಕ. ನಾಳೆ ಮನೆಗೆ ಮಾರ್ಟ್‌ಗೇಜ್ ಕೇಳಲು ಹೋದರೆ ಬ್ಯಾಂಕಿನವರೂ ಸಂಬಳ ಅಂದರೆ ಪೇಸ್ಲಿಪ್ ಅಂತಾರೆ. ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಇನ್ನೊಂದು ಮಾತು, ನಡತೆ ಚೆನ್ನಾಗಿದೆಯಾ ಅಂತ ನೋಡುವಾಗ ಟ್ಯಾಕ್ಸ್ ವ್ಯವಹಾರವನ್ನೂ ನೋಡುತ್ತಾರೆ. ಹೆದರಿಸುತ್ತಿಲ್ಲ, ಆದರೆ ಟ್ಯಾಕ್ಸಿನ ಮಾತು ಟ್ಯಾಕ್ಸ್ ಆಫೀಸಲ್ಲೇ ಮುಗಿಯುತ್ತೆ ಅಂದುಕೊಂಡವರೇ ಜಾಸ್ತಿ.

ಏನು ಮಾಡಬೇಕು ಅಂದರೆ, ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಕರಾರು, ವಾಟ್ಸ್‌ಆ್ಯಪ್ ಮೆಸೇಜು ಎಲ್ಲವನ್ನೂ ಈಗಲೇ ಇಳಿಸಿಟ್ಟುಕೊಳ್ಳಿ. ಬಿಟ್ಟ ಮೇಲೆ ಅವರ ಪೋರ್ಟಲ್ ತೆರೆಯುವುದಿಲ್ಲ. ಎಚ್‌ಎಂಆರ್‌ಸಿ ಆ್ಯಪ್‌ನಲ್ಲಿ ನಿಮ್ಮ ಪರ್ಸನಲ್ ಟ್ಯಾಕ್ಸ್ ಅಕೌಂಟ್ ತೆರೆದು ಕಂಪನಿ ಎಷ್ಟು ಸಂಬಳ ತೋರಿಸಿದೆ ನೋಡಿ. ಏಜೆನ್ಸಿಗೆ ಹೇಳಿ ಬೇರೆ ಕಂಪನಿಗೆ ಬದಲಾಯಿಸಿಕೊಳ್ಳಿ, ಒಪ್ಪದಿದ್ದರೆ ಏಜೆನ್ಸಿಯನ್ನೇ ಬದಲಾಯಿಸಿ. ಆಮೇಲೆ ಎಚ್‌ಎಂಆರ್‌ಸಿಗೆ ನೀವೇ ತಿಳಿಸಿ. ಅವರು ಕೇಳುವ ಮುಂಚೆ ಹೇಳಿದರೆ ದಂಡ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಎರಡನೇ ಹಣಕ್ಕೆ ಬರುವ ಟ್ಯಾಕ್ಸಿಗಾಗಿ ಸ್ವಲ್ಪ ದುಡ್ಡು ತೆಗೆದಿಡಿ. ಕಂಪನಿಯವರು 'ಎಚ್‌ಎಂಆರ್‌ಸಿಗೆ ನಾವೇ ಉತ್ತರ ಬರೀತೀವಿ, ನೀವು ಸುಮ್ನಿರಿ' ಅಂದರೆ ಸುಮ್ನಿರಬೇಡಿ.

ಪ್ರಶ್ನೆ: 2012ರಿಂದ 2015ರವರೆಗೆ ಲೋನ್ ಸ್ಕೀಮಿನಲ್ಲಿದ್ದೆ. ನನಗೆ ಹೇಳಿದ್ದು ಅಕೌಂಟೆಂಟೇ. ಲೋನ್ ಚಾರ್ಜ್ ಬಂದು ತಲೆ ಮೇಲೆ ಕೂತಿದೆ, ಇನ್ನೂ ಸೆಟ್ಲ್ ಆಗಿಲ್ಲ. ಈಗ ಯಾವುದೋ ಹೊಸ ಕಂಪನಿ 'ನಿನ್ನ ಸಾಲ ನಾವು ಕೊಂಡಿದ್ದೇವೆ, ವಾಪಸ್ ಕೊಡು' ಅಂತ ಪತ್ರ ಬರೆದಿದೆ. ರಾತ್ರಿ ನಿದ್ದೆ ಇಲ್ಲ. ಹೆಂಡತಿಗೂ ಹೇಳಿಲ್ಲ.

ಉತ್ತರ: ಇವತ್ತೇ ಹೆಂಡತಿಗೆ ಹೇಳಿ. ಬಾಕಿಯದು ಆಮೇಲೆ. ಮನಸ್ಸು ತೀರಾ ಕೆಟ್ಟ ಕಡೆ ಹೋಗುತ್ತಿದೆ ಅನಿಸಿದರೆ ಸಮರಿಟನ್ಸ್‌ಗೆ (ಮನಸ್ಸಿನ ಸಂಕಟ ಕೇಳುವ ಸಹಾಯವಾಣಿ) 116 123ಕ್ಕೆ ಫೋನ್ ಮಾಡಿ, ಹಗಲೂ ರಾತ್ರಿಯೂ ಎತ್ತುತ್ತಾರೆ, ದುಡ್ಡಿಲ್ಲ.

ಬೇರೆ ಓದುಗರಿಗೆ ಹಿನ್ನೆಲೆ: 2016ರ ಬಜೆಟ್‌ನಲ್ಲಿ ಲೋನ್ ಚಾರ್ಜ್ ಘೋಷಿಸಿದರು. 2019ರ ಏಪ್ರಿಲ್ 5ಕ್ಕೆ ತೀರದೆ ಉಳಿದಿದ್ದ ಇಂಥ ಸಾಲಗಳನ್ನೆಲ್ಲ ಒಂದೇ ವರ್ಷದ ಆದಾಯ ಅಂತ ಹಿಡಿಯುವ ಕಾನೂನು. ನಾಲ್ಕೈದು ವರ್ಷದ್ದನ್ನು ಒಂದೇ ವರ್ಷಕ್ಕೆ ಸುರಿದರೆ ಶೇ. 45ರ ಮೆಟ್ಟಿಲಿಗೆ ಹೋಗಿ ನಿಲ್ಲುತ್ತೆ. ಮೊದಲು 1999ರಷ್ಟು ಹಳೆಯ ಸಾಲಕ್ಕೂ ಅನ್ವಯಿಸಿತ್ತು. ಗಲಾಟೆ ಆಗಿ, ಸರ್ ಅಮಿಯಸ್ ಮೋರ್ಸ್ ಇದನ್ನು ಪರಿಶೀಲಿಸಿ ವರದಿ ಕೊಟ್ಟ ಮೇಲೆ 2010ರ ಡಿಸೆಂಬರ್ 9ರಿಂದ ಈಚಿನ ಸಾಲಕ್ಕೆ ಮಾತ್ರ ಅಂತ ಮಾಡಿದರು, ಮೂರು ವರ್ಷಕ್ಕೆ ಹಂಚಿಕೊಳ್ಳಲೂ ಬಿಟ್ಟರು. ಇದರಲ್ಲಿ ನನಗೆ ಒಪ್ಪಿಗೆಯಾಗದ ವಿಷಯ ಒಂದಿದೆ. ದುಡಿದವರ ಮನೆ ಬಾಗಿಲಿಗೆ ಹೋದಷ್ಟು ಚುರುಕಾಗಿ ಸ್ಕೀಮ್ ಮಾರಿದವರ ಬಾಗಿಲಿಗೆ ಯಾರೂ ಹೋಗಲಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ಕಥೆ ಇವೆ, ಬೆರೆಸಬೇಡಿ. ಎಚ್‌ಎಂಆರ್‌ಸಿ ಕೇಳುವುದು ಟ್ಯಾಕ್ಸ್. ಹೊಸ ಕಂಪನಿ ಕೇಳುವುದು ಸಾಲ. ಟ್ಯಾಕ್ಸ್ ಕಟ್ಟಿದ ಮಾತ್ರಕ್ಕೆ ಕಾಗದದ ಮೇಲಿನ ಸಾಲ ತಾನಾಗೇ ಹೋಗುವುದಿಲ್ಲ, ಆ ಸಂದಿಯಲ್ಲೇ ಇವರು ನುಗ್ಗುವುದು. ಆ ಪತ್ರಕ್ಕೆ ಫೋನಿನಲ್ಲಿ ಉತ್ತರಿಸಬೇಡಿ, ಸ್ವಲ್ಪ ಹಣ ಕೊಟ್ಟು ಕೈ ತೊಳೆದುಕೊಳ್ಳೋಣ ಅನ್ನಬೇಡಿ, ಅವರು ಕಳಿಸಿದ ಯಾವುದಕ್ಕೂ ಸೈನ್ ಹಾಕಬೇಡಿ. ಪತ್ರವನ್ನು ಎಸೆಯಲೂ ಬೇಡಿ. ಸಾಲಿಸಿಟರ್‌ಗೆ ತೋರಿಸಿ. ಇಂಥ ಪತ್ರ ಪಡೆದವರು ಬಹಳ ಮಂದಿ ಇದ್ದಾರೆ, ನಾಲ್ಕು ಜನ ಸೇರಿ ಒಬ್ಬ ವಕೀಲರನ್ನು ಹಿಡಿದರೆ ಖರ್ಚೂ ಹಂಚುತ್ತೆ.

ಟ್ಯಾಕ್ಸ್ ಬಗ್ಗೆ: ಲೋನ್ ಚಾರ್ಜ್ ಕುರಿತ ರೇ ಮೆಕ್ಯಾನ್ ಅವರ ಸ್ವತಂತ್ರ ವರದಿ 2025ರ ನವೆಂಬರ್ ಬಜೆಟ್ ಜೊತೆಗೆ ಬಂತು. ಇನ್ನೂ ಸೆಟ್ಲ್ ಆಗದವರಿಗೆ ಹೊಸ ಷರತ್ತುಗಳಲ್ಲಿ ಮುಗಿಸಿಕೊಳ್ಳುವ ಅವಕಾಶ ಕೊಡುವುದಾಗಿ ಸರ್ಕಾರ ಒಪ್ಪಿದೆ. ನೀವು ಆ ಗುಂಪಿನವರು. ಎಚ್‌ಎಂಆರ್‌ಸಿಯ ಹಳೇ ಆಫರ್‌ಗೆ ಸೈನ್ ಹಾಕುವ ಮುಂಚೆ ಇದನ್ನು ಕೇಳಿಕೊಳ್ಳಿ. ಆದಾಯ ಕಡಿಮೆ ಇದ್ದರೆ ಟ್ಯಾಕ್ಸ್‌ಏಡ್ ಅನ್ನುವ ಚಾರಿಟಿ ಉಚಿತವಾಗಿ ಸಲಹೆ ಕೊಡುತ್ತದೆ. ಇಲ್ಲದಿದ್ದರೆ ಲೋನ್ ಚಾರ್ಜ್ ಕೇಸು ಮಾಡಿ ಗೊತ್ತಿರುವ ಟ್ಯಾಕ್ಸ್ ಅಡ್ವೈಸರ್ ಬೇಕು. ಆ ಹಳೇ ಅಕೌಂಟೆಂಟ್ ಹತ್ತಿರ ಮಾತ್ರ ಹೋಗಬೇಡಿ.

ಪ್ರಶ್ನೆ: ಸ್ವಂತ ಲಿಮಿಟೆಡ್ ಕಂಪನಿ ಮಾಡಿಕೊಂಡು ಸಣ್ಣ ಸಂಬಳ, ಉಳಿದದ್ದು ಡಿವಿಡೆಂಡ್ ಅಂತ ತೊಗೊಂಡರೆ ಅದೂ ಇದೇ ತರಹದ ಸ್ಕೀಮಾ?

ಉತ್ತರ: ಅಲ್ಲ. ಕಂಪನಿ ಕಾರ್ಪೊರೇಷನ್ ಟ್ಯಾಕ್ಸ್ ಕಟ್ಟುತ್ತೆ, ನೀವು ಡಿವಿಡೆಂಡ್ ಟ್ಯಾಕ್ಸ್ ಕಟ್ಟುತ್ತೀರಿ, ಎಲ್ಲ ರಿಟರ್ನ್‌ನಲ್ಲಿ ಕಾಣುತ್ತೆ. ಆದರೆ ಐಆರ್35 ಅನ್ನುವ ಟ್ಯಾಕ್ಸ್ ನಿಯಮ ನೋಡಿಕೊಳ್ಳಿ. ಕೆಲಸದ ರೀತಿ ನೌಕರರಂತೆಯೇ ಇದ್ದರೆ ಡಿವಿಡೆಂಡ್ ದಾರಿ ಮುಚ್ಚುತ್ತದೆ, ಸಂಬಳದಂತೆಯೇ ಟ್ಯಾಕ್ಸ್ ಬೀಳುತ್ತದೆ. 2021ರ ಏಪ್ರಿಲ್‌ನಿಂದ ಖಾಸಗಿಯಲ್ಲೂ ಅದನ್ನು ನಿರ್ಧರಿಸುವುದು ಕ್ಲೈಂಟ್, ಕ್ಲೈಂಟ್ ಸಣ್ಣ ಕಂಪನಿಯಾಗಿದ್ದರೆ ಮಾತ್ರ ನೀವು. ಕಾಂಟ್ರಾಕ್ಟ್ ಸೈನ್ ಮಾಡುವ ಮುಂಚೆಯೇ ಅವರ ನಿರ್ಧಾರವನ್ನು ಬರಹದಲ್ಲಿ ಕೇಳಿ ತೊಗೊಳ್ಳಿ, ಕಾರಣ ಸಮೇತ ಕೊಡಬೇಕು ಅಂತ ನಿಯಮವೇ ಇದೆ.